ಹೂವು ಇಟ್ಟಿಗೆಯಲ್ಲ

ವರ್ಷಕ್ಕೆ ಎರಡಾವರ್ತಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಕಾಲಕ್ಕೆ ಸರಿಯಾಗಿ, ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ತೋಟಗಾರಿಕೆ ಇಲಾಖೆಯವರೂ ಮೈಸೂರು ಉದ್ಯಾನ ಕಲಾ ಸಂಘದವರೂ ಜೊತೆಗೂಡಿ ನಡೆಸುವ ಫಲಪುಷ್ಪ ಪ್ರದರ್ಶನವು ನಮ್ಮ ನಾಡಿನ ದೊಡ್ಡ ಸಾರ್ವಜನಿಕ ಸಂಭ್ರಮಗಳಲ್ಲೊಂದೆಂಬುದು ಎಲ್ಲರೂ ಬಲ್ಲ ಸಂಗತಿ. ಬಡವ ಬಲ್ಲಿದರೆಂಬ ತಾರತಮ್ಯವಿಲ್ಲದೆ ಜನರು ಮಕ್ಕಳು ಮರಿಗಳೊಡನೆ ಸಾಲುಗಟ್ಟಿ ನಿಂತು, ಟಿಕೆಟು ಪಡೆದು, ಒಳಹೊಕ್ಕು ಹೂವನ್ನು ನೋಡಿ ಸಂತೋಷಪಡತಕ್ಕ ಸಂದರ್ಭಗಳು ನಮ್ಮ ನಗರಜೀವನದಲ್ಲಿ ಬಹಳವಿಲ್ಲ. ಆದಕಾರಣ ಈ ಪ್ರದರ್ಶನವು ನಡೆಯುತ್ತಿರಬೇಕು, ಬೆಳೆಯುತ್ತಿರಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ಮಾತು ಅದರ ನಡುಮನೆಯಲ್ಲಿ ಕಟ್ಟಿ ನಿಲ್ಲಿಸುವ ಮುಖ್ಯ ಅಲಂಕಾರವನ್ನು ಕುರಿತದ್ದು.

ಆ ಅಲಂಕಾರದ ಪದ್ಧತಿ ಹಲವು ವರ್ಷಗಳಿಂದ ಒಂದೇ ಆಗಿದೆ. ಯಾವುದಾದರೊಂದು ಹೆಸರಾಂತ ಕಟ್ಟಡವನ್ನು ಆರಿಸಿಕೊಂಡು, ಅದರ ಆಕಾರಕ್ಕೆ ಚೌಕಟ್ಟು ಕಟ್ಟಿ, ಗುಲಾಬಿಯನ್ನೂ ಸೇವಂತಿಗೆಯನ್ನೂ ಒತ್ತೊತ್ತಾಗಿ ಚುಚ್ಚಿ ಗೋಡೆ, ಕಂಬ, ಗೋಪುರಗಳನ್ನು ಮುಚ್ಚುವುದು. ೨೦೧೯ ರ ಜನವರಿಯಲ್ಲಿ ಗಾಂಧೀಜಿಯವರ ಸಬರಮತಿ ಆಶ್ರಮ, ೨೦೨೩ ರ ಆಗಸ್ಟಿನಲ್ಲಿ ವಿಧಾನಸೌಧ, ೨೦೨೪ ರ ಜನವರಿಯಲ್ಲಿ ಅನುಭವ ಮಂಟಪ, ಹೀಗೆ ಒಂದರ ಮೇಲೊಂದು ಬಂದುವು. ನೋಡಿದವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಲಕ್ಷ ಹೂವು?" ಎಂಬುದು. ಎರಡನೆಯದು, "ಎಷ್ಟು ಅಡಿ ಎತ್ತರ?" ಎಂಬುದು. ಆ ಹೂವು ಯಾವುದು, ಎಲ್ಲಿಯದು, ಅದರ ದಳ ಹೇಗಿದೆ, ಕಂಪು ಎಂತಹುದು ಎಂದು ಕೇಳುವವರು ವಿರಳ. ಕೇಳುವ ಅವಕಾಶವೂ ಇಲ್ಲ. ಅಲ್ಲಿ ಹೂವು ಹೂವಾಗಿ ಉಳಿದಿಲ್ಲ, ಇಟ್ಟಿಗೆಯಾಗಿದೆ. ಇಟ್ಟಿಗೆಯನ್ನು ಎಣಿಸಬಹುದಲ್ಲದೆ ನೋಡತಕ್ಕದ್ದೇನಿದೆ?

ಇದನ್ನು ಹೊಸತೆಂದೂ ಅಪೂರ್ವವೆಂದೂ ಕರೆಯುವ ವಾಡಿಕೆ ಬೆಳೆದಿರುವುದರಿಂದ, ಪುಷ್ಪಾಲಂಕಾರದಲ್ಲಿ ನಿಜವಾದ ಹೊಸತನವೆಂದರೇನೆಂಬುದನ್ನು ಕೊಂಚ ವಿಚಾರಿಸುವುದು ಯುಕ್ತ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಹೊಸತನವು ಗಾತ್ರದಲ್ಲಿಲ್ಲ, ಸಂಖ್ಯೆಯಲ್ಲಿಲ್ಲ, ಕಣ್ಣಿಗೆ ಬಿದ್ದೂ ಕಾಣದೆ ಹೋದುದನ್ನು ಕಾಣಿಸುವುದರಲ್ಲಿದೆ. ಆ ಶಕ್ತಿ ನಮ್ಮ ನಾಡಿನ ಹಳ್ಳಿಗಳ ಕೈಯಲ್ಲಿ ಧಾರಾಳವಾಗಿದೆ. ಆದರೆ ಗಾಜಿನ ಮನೆಯ ನಡುಮನೆಗೆ ಅದಕ್ಕೆ ಇನ್ನೂ ಕರೆ ಹೋಗಿಲ್ಲ.

ಗಾಜಿನ ಮನೆಯ ಕಥೆಯೇ ನಮ್ಮ ಮಾತಿಗೆ ಸಾಕ್ಷಿ. ಹೈದರಾಲಿಯ ಕಾಲದಲ್ಲಿ, ೧೭೬೦ ರಲ್ಲಿ ಮೊದಲ್ಗೊಂಡ ಈ ತೋಟದಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿದ್ದುದು ೧೮೮೯ ರ ನವೆಂಬರ್ ೩೦ ರಂದು. ೧೮೫೧ ರಲ್ಲಿ ಲಂಡನ್ನಿನಲ್ಲಿ ಎದ್ದ ಸ್ಫಟಿಕ ಸೌಧದ ಮಾದರಿಯನ್ನು ಅನುಸರಿಸಿ, ಎರಕದ ಕಬ್ಬಿಣ ಮತ್ತು ಗಾಜುಗಳಿಂದ ಇದನ್ನು ನಿರ್ಮಿಸಿದರು. ಕಲ್ಲುಗೋಡೆಗಳಿಗೆ ಒಗ್ಗಿದ್ದ ಅಂದಿನ ಕಣ್ಣಿಗೆ ಅದೊಂದು ವಿಚಿತ್ರವೇ ಆಗಿದ್ದಿರಬೇಕು. ಆದರೆ ಆ ವೈಚಿತ್ರ್ಯಕ್ಕೆ ಕಾರಣವಿತ್ತು. ಗಿಡಕ್ಕೂ ನೋಡುವವನಿಗೂ ನಡುವೆ ಕತ್ತಲೆ ಬರಬಾರದೆಂಬ ಉದ್ದೇಶದಿಂದ ಕಟ್ಟಡವು ತನ್ನನ್ನು ತಾನೇ ತೆಳುಮಾಡಿಕೊಂಡಿತು. ಹೂವನ್ನು ಮೆರೆಸುವುದಕ್ಕಾಗಿ ಕಟ್ಟಡವು ಹಿಂದೆ ಸರಿದ ಸ್ಥಳದಲ್ಲಿಯೇ ಇಂದು ಕಟ್ಟಡವನ್ನು ಮೆರೆಸುವುದಕ್ಕಾಗಿ ಹೂವು ಹಿಂದೆ ಸರಿಯುತ್ತಿದೆ ಎಂಬುದನ್ನು ಅಧಿಕಾರವರ್ಗದವರು ಗಮನಿಸಬೇಕು.

ಇದೇ ಲಾಲ್‌ಬಾಗಿನ ಹೊಣೆಯನ್ನು ೧೯೦೮ ರಿಂದ ಹೊತ್ತ ಜರ್ಮನ್ ತಜ್ಞ ಕ್ರುಂಬಿಗೆಲ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ಉದ್ಯಾನ ಕಲಾ ಸಂಘವು ೧೯೧೨ ರಲ್ಲಿ ಹುಟ್ಟಿದುದು ಅವರ ಕಾಲದಲ್ಲಿಯೇ. ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಬೀದಿಮರಗಳನ್ನು ಆರಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಇಡೀ ನಗರವನ್ನೇ ಒಂದು ಕೋಣೆಯೆಂದೂ ಹನ್ನೆರಡು ತಿಂಗಳನ್ನೇ ಅಲಂಕಾರದ ಅವಧಿಯೆಂದೂ ಭಾವಿಸಿದ ಕಲ್ಪನೆ ಅದು. ಹೂವಿಗೆ ಕಾಲವೆಂಬುದುಂಟು, ಅರಳುವಿಕೆಯ ಜೊತೆಯಲ್ಲಿಯೇ ಬಾಡುವಿಕೆಯೂ ಉಂಟು ಎಂಬುದನ್ನು ಅವರು ಮರೆಮಾಚಲಿಲ್ಲ. ಅದನ್ನೇ ಚೆಲುವಿನ ಸಾಧನವಾಗಿ ಮಾಡಿಕೊಂಡರು.

ಪರದೇಶಗಳಲ್ಲಿ ಈ ಕಲೆ ಹೇಗೆ ಬದಲಾಯಿತೆಂಬುದನ್ನು ಈಗ ನೋಡೋಣ. ಇಂಗ್ಲೆಂಡಿನಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ಮಹಿಳೆಯಿದ್ದರು. ೧೮೮೬ ರಲ್ಲಿ ಜನಿಸಿದ ಇವರು ಲಂಡನ್ನಿನ ಬಡಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದು, ಆಮೇಲೆ ಹೂವಿನ ಕಸುಬಿಗೆ ಬಂದವರು. ೧೯೨೯ ರಲ್ಲಿ ಓಲ್ಡ್ ಬಾಂಡ್ ಸ್ಟ್ರೀಟಿನ ಆಟ್ಕಿನ್‌ಸನ್ಸ್ ಎಂಬ ಸುಗಂಧದ್ರವ್ಯದ ಅಂಗಡಿಯ ಕಿಟಕಿಯನ್ನು ಅಲಂಕರಿಸುವ ಕೆಲಸ ಇವರ ಪಾಲಿಗೆ ಬಂತು. ಸಿರಿವಂತರು ಓಡಾಡುವ ಬೀದಿ. ಬೆಲೆಬಾಳುವ ಗುಲಾಬಿ, ಲಿಲ್ಲಿಗಳನ್ನು ಜನರು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಇವರು ತಂದಿಟ್ಟುದು ಬೇಲಿಯ ಹೂವು, ಕಾಡುಬಳ್ಳಿ, ಹುಲ್ಲು, ಕಾಯಿಗೊಂಚಲು. ನಿತ್ಯವೂ ಹಳ್ಳಿಯ ದಾರಿಯಲ್ಲಿ ತುಳಿದು ಹೋಗುವ ವಸ್ತುವನ್ನು ಕಿಟಕಿಯ ಬೆಳಕಿನಲ್ಲಿ ಕಂಡು ಜನರು ಗುಂಪುಗಟ್ಟಿ ನಿಂತರು.

ಮುಂದೆ ಇವರು ಕೋಸಿನ ಜಾತಿಯ ಸೊಪ್ಪಿನ ಎಲೆಗಳನ್ನು ಕೆಂಪು ಗುಲಾಬಿಯೊಡನೆ ಕೂಡಿಸಿದರು. ಸಾರಿನ ಬಟ್ಟಲು, ಹಕ್ಕಿಯ ಪಂಜರ, ಅಡಿಗೆಮನೆಯ ತಟ್ಟೆಗಳನ್ನು ಹೂದಾನಿಯಾಗಿ ಬಳಸಿದರು. ಹಣವಿಲ್ಲದ ಗೃಹಿಣಿಯೂ ತನ್ನ ಮನೆಯನ್ನು ಸಿಂಗರಿಸಿಕೊಳ್ಳಬಹುದೆಂಬುದು ಇವರ ಬೋಧೆಯ ತಿರುಳು. ಅದೇ ಕೈ ೧೯೫೩ ರಲ್ಲಿ ರಾಣಿ ಎಲಿಜಬೆತ್ತರ ಪಟ್ಟಾಭಿಷೇಕದ ಹೂವಿನ ಅಲಂಕಾರದಲ್ಲಿಯೂ ಪಾಲ್ಗೊಂಡಿತು. ಇವರು ತೀರಿಕೊಂಡು ನಾಲ್ವತ್ತು ವರ್ಷಗಳಾದ ಮೇಲೂ ವಿವಾದವು ತಣ್ಣಗಾಗಿರಲಿಲ್ಲ. ೨೦೦೪ ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಜಿಯಮ್ಮಿನವರು ಇವರ ಕೆಲಸವನ್ನು ಕುರಿತು ಪ್ರದರ್ಶನವನ್ನು ಏರ್ಪಡಿಸಿದಾಗ, ಆ ಸಂಸ್ಥೆಯು ಗಂಭೀರವಾದ ಕೈಗಾರಿಕಾ ವಿನ್ಯಾಸವನ್ನು ಬಿಟ್ಟು ಬಾಹ್ಯಾಲಂಕಾರಕ್ಕೆ ಮಾರುಹೋಗಿದೆಯೆಂದು ಅದರ ಅಧ್ಯಕ್ಷರಾದ ಜೇಮ್ಸ್ ಡೈಸನ್ನರು ಅಸಮಾಧಾನಗೊಂಡು ರಾಜೀನಾಮೆಯಿತ್ತರು. ಹೂವಿನ ಜೋಡಣೆ ಹೆಂಗಸರ ಕಾಲಹರಣವೆಂಬ ತಾತ್ಸಾರವು ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಜಪಾನಿನಲ್ಲಿ ಹೂವಿನ ಜೋಡಣೆ ಶತಮಾನಗಳ ವಿದ್ಯೆ. ಅದಕ್ಕೆ ಗುರುಪರಂಪರೆಯುಂಟು, ಕಟ್ಟುನಿಟ್ಟಾದ ನಿಯಮಗಳುಂಟು. ಆ ವಿದ್ಯೆಯ ಮನೆತನದಲ್ಲಿಯೇ ಹುಟ್ಟಿದ ತೆಶಿಗಾಹಾರಾ ಸೋಫು ಎಂಬಾತನು ೧೯೨೭ ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಸೊಗೆತ್ಸು ಎಂಬ ಹೊಸ ಪಂಥವನ್ನು ಸ್ಥಾಪಿಸಿದನು. ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ವಸ್ತುವಿನಿಂದ ಬೇಕಾದರೂ ಈ ಕಲೆಯನ್ನು ಮಾಡಬಹುದೆಂಬುದು ಅವನ ಮತ. ಎರಡನೆಯ ಮಹಾಯುದ್ಧದ ಬಳಿಕ ಅವನು ಬೇರುಗಡ್ಡೆ, ಹರಕು ಕಬ್ಬಿಣ ಮೊದಲಾದವನ್ನೂ ಜೋಡಣೆಗೆ ತಂದನು. ನಿಯಮಗಳನ್ನು ಚೆನ್ನಾಗಿ ಬಲ್ಲವನು ನಿಯಮವನ್ನು ಮೀರಿದನು ಎಂಬುದೇ ಇಲ್ಲಿನ ವಿಶೇಷ. ಏನೂ ತಿಳಿಯದೆ ರಾಶಿ ಹಾಕಿದುದು ಕ್ರಾಂತಿಯಾಗುವುದಿಲ್ಲ.

ಅಮೆರಿಕೆಯ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಜಿಯಮ್ಮಿನಲ್ಲಿ ೧೯೩೬ ರ ಜೂನ್ ೨೪ ರಿಂದ ಒಂದು ವಾರ ನಡೆದ ಪ್ರದರ್ಶನವೊಂದರಲ್ಲಿ ಚಿತ್ರಪಟಗಳಿರಲಿಲ್ಲ, ಶಿಲ್ಪಗಳಿರಲಿಲ್ಲ. ಹೆಸರಾಂತ ಛಾಯಾಗ್ರಾಹಕನಾದ ಎಡ್ವರ್ಡ್ ಸ್ಟೈಕನ್ನನು ತನ್ನ ತೋಟದಲ್ಲಿ ತಳಿ ಕೂಡಿಸಿ ಬೆಳಸಿದ ಡೆಲ್ಫಿನಿಯಮ್ ಹೂಗೊನೆಗಳನ್ನು ಮಾತ್ರ ಅಲ್ಲಿ ಇಟ್ಟಿದ್ದರು. ಹೂವನ್ನು ಬೆಳಸುವವನೂ ಕಲಾವಿದನೇ ಎಂಬುದು ಅದರ ತಾತ್ಪರ್ಯ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಆನ್ಯಾ ಗಲಾಚಿಯೊ ಎಂಬ ಕಲಾವಿದೆ ೧೯೯೧ ರಲ್ಲಿ ಜರ್ಬೆರಾ ಹೂಗಳನ್ನು ಗಾಜಿನ ಹಿಂದೆ ಒತ್ತಿಟ್ಟು, ಅವು ಬಾಡಿ, ಕೊಳೆತು, ಜಾರಿ ಬೀಳುವುದನ್ನೇ ನೋಡುವವರ ಮುಂದಿಟ್ಟಳು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ೨೦೧೭ ರ ಅಕ್ಟೋಬರಿನಿಂದ ರೆಬೆಕ್ಕಾ ಲೂಯಿಸ್ ಲಾ ಎಂಬ ಇನ್ನೊಬ್ಬ ಕಲಾವಿದೆಯು ೩,೭೫,೦೦೦ ಒಣಹೂಗಳನ್ನು ತಾಮ್ರದ ತಂತಿಯಲ್ಲಿ ಪೋಣಿಸಿ, ಜನರು ಹೂವಿನ ನಡುವೆಯೇ ನಡೆದುಹೋಗುವಂತೆ ಚಾವಣಿಯಿಂದ ಇಳಿಬಿಟ್ಟಳು. ಅಲ್ಲಿಯೂ ಲಕ್ಷಗಳಿದ್ದುವು, ನಿಜ. ಆದರೆ ಅವು ವರ್ಷಾನುಗಟ್ಟಲೆ ಕೂಡಿಟ್ಟು, ಒಣಗಿಸಿ, ಮತ್ತೆ ಮತ್ತೆ ಬಳಸುವ ಹೂಗಳು. ಒಂದೊಂದೂ ಕಣ್ಣಿಗೆ ಪ್ರತ್ಯೇಕವಾಗಿ ಕಾಣುವಂತೆ ತೂಗಾಡುವ ಹೂಗಳು. ಲಕ್ಷವೆಂಬ ಅಂಕೆಯೇ ದೋಷವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಇವೆಲ್ಲವೂ ಪಾಶ್ಚಾತ್ಯರ ಮತ್ತು ಜಪಾನೀಯರ ಸೋಜಿಗಗಳು, ನಮಗೇತಕ್ಕೆ ಎಂದು ವಾಚಕ ಮಹಾಶಯರು ಕೇಳಬಹುದು. ಯೋಗ್ಯವಾದ ಪ್ರಶ್ನೆಯೇ. ಉತ್ತರವಿಷ್ಟೆ: ಅವರು ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಕಂಡುಕೊಂಡುದನ್ನು ನಮ್ಮ ಹಳ್ಳಿಗಳು ಹಳೆಯ ಕಾಲದಿಂದ ಮಾಡಿಕೊಂಡು ಬಂದಿವೆ. ಬೇಲಿಯ ಕಾಯಿಗೊಂಚಲನ್ನು ಅಲಂಕಾರಕ್ಕೆ ತಂದುದು ಸ್ಪ್ರೈ ಅವರ ಸಾಹಸವೆಂದೆವು. ಉತ್ತರಕನ್ನಡದ ಮನೆಗಳಲ್ಲಿ ಗಣೇಶ ಚೌತಿಗೆ ಕಟ್ಟುವ ಫಲಾವಳಿಯನ್ನು ನೋಡಿರಿ. ತೋಟದ ತರಕಾರಿ, ಕಾಡಿನ ಕಾಯಿ, ಹೂಗೊಂಚಲು, ಹೆಸರು ಹೇಳಲು ಹಿರಿಯರೇ ಬೇಕಾದ ಬಳ್ಳಿಗಳು, ಇವನ್ನೆಲ್ಲ ಗಣಪತಿಯ ತಲೆಯ ಮೇಲ್ಗಡೆ ಚಪ್ಪರದಂತೆ ತೂಗಕಟ್ಟುತ್ತಾರೆ. ಗೋವೆಯವರು ಇದನ್ನೇ ಮಾಟೋಳಿಯೆನ್ನುತ್ತಾರೆ. ಚಾವಣಿಯಿಂದ ಸಸ್ಯಗಳನ್ನು ತೂಗಬಿಡುವುದು ಇಂದಿನ ಪಂಚತಾರಾ ಹೋಟೆಲುಗಳ ಹೊಸ ಷೋಕಿಯೆಂದು ತಿಳಿದವರಿಗೆ ಈ ಫಲಾವಳಿ ಉತ್ತರ ಹೇಳುತ್ತದೆ. ಕಾಡಿನ ಹತ್ತಾರು ಗಿಡಗಳನ್ನು ಮಕ್ಕಳಿಗೆ ಪರಿಚಯ ಮಾಡಿಕೊಡುವ ಪಾಠಶಾಲೆಯೂ ಅದೇ.

ದಕ್ಷಿಣಕನ್ನಡ ಮತ್ತು ಉಡುಪಿ ಜಿಲ್ಲೆಗಳ ನಾಗಮಂಡಲದಲ್ಲಿ ಅಡಿಕೆಯ ಹಿಂಗಾರದ ಗೊಂಚಲುಗಳೂ ಎಳೆಯ ತೆಂಗಿನ ಗರಿಗಳೂ ಮಂಟಪವನ್ನು ತುಂಬುತ್ತವೆ. ಹಿಂಗಾರಕ್ಕೆ ಗುಲಾಬಿಯ ಬಣ್ಣವಿಲ್ಲ. ಆದರೆ ಹಾಳೆಯನ್ನು ಸೀಳಿದಾಗ ಹೊರಬೀಳುವ ಆ ಹಾಲುಬಿಳುಪಿನ ಗೊಂಚಲಿನ ಮುಂದೆ ಬಣ್ಣಗಳು ಸಪ್ಪೆಯಾಗುತ್ತವೆ. ಉತ್ತರ ಕರ್ನಾಟಕದ ರೈತರ ಮನೆಯಲ್ಲಿ ದೀಪಾವಳಿಗೆ ಸಗಣಿಯಿಂದ ಹಟ್ಟೆವ್ವನನ್ನು ಮಾಡಿ, ಉತ್ತರಾಣಿಯ ಕಡ್ಡಿಯನ್ನೂ ಚೆಂಡುಹೂವನ್ನೂ ಸಿಕ್ಕಿಸುತ್ತಾರೆ. ಯಾವ ವಸ್ತುವಾದರೂ ಆದೀತೆಂಬ ಸೋಫುವಿನ ಸಿದ್ಧಾಂತವನ್ನು ಕೇಳದೆಯೇ ನಮ್ಮ ಒಕ್ಕಲಗಿತ್ತಿಯು ಸಗಣಿ ಮತ್ತು ಕಳೆಗಿಡಗಳಿಂದ ಒಂದು ಶಿಲ್ಪವನ್ನು ನಿಲ್ಲಿಸಿದ್ದಾಳೆ. ಬೆಂಗಳೂರಿನಲ್ಲಿಯೇ ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ಕರಗವು ಮಲ್ಲಿಗೆಯ ಹೂವಿನಿಂದ ಕಟ್ಟಿದ ನಡೆದಾಡುವ ಗೋಪುರ. ಹಲಸೂರಿನ ಹೂವಿನ ಪಲ್ಲಕ್ಕಿಗಳು ಇರುಳೆಲ್ಲ ಬೀದಿಯಲ್ಲಿ ಸಾಗುವ ಹೂವಿನ ಮನೆಗಳು. ಇಲ್ಲೆಲ್ಲ ಹೂವು ಚಲಿಸುತ್ತದೆ, ಕಂಪು ಬೀರುತ್ತದೆ, ಉದುರುತ್ತದೆ. ಬೆಳಗಾದ ಮೇಲೆ ಬಾಡಿದರೂ ಯಾರೂ ನಷ್ಟವೆನ್ನುವುದಿಲ್ಲ.

ಈ ಕೆಲಸಗಳ ಹಿಂದಿರುವ ಕೈಗಳ ಕಡೆಗೆ ಈಗ ನಮ್ಮ ಗಮನ ಹೋಗಬೇಕು. ಉಡುಪಿಯ ಶಂಕರಪುರದ ಕಡೆ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ನೇಯ್ದು, ಚೆಂಡು ಮತ್ತು ಅಟ್ಟೆಗಳ ಲೆಕ್ಕದಲ್ಲಿ ಮಾರುವ ಹೆಂಗಸರ ಬೆರಳುಗಳ ವೇಗವನ್ನೂ ಸಮತೆಯನ್ನೂ ಕಂಡವರು ಅದನ್ನು ಕಲೆಯಲ್ಲವೆನ್ನಲಾರರು. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬೆಳಗಿನ ಜಾವಕ್ಕೇ ಕುಳಿತು ಮೊಳದ ಲೆಕ್ಕದಲ್ಲಿ ಹೂಕಟ್ಟುವ ಹೂವಾಡಗಿತ್ತಿಯರೂ ಅಂಥವರೇ. ಜಗತ್ತಿನ ಮ್ಯೂಜಿಯಮ್ಮುಗಳಲ್ಲಿ ಹೂ ಪೋಣಿಸಿದವರಿಗೆ ಕಲಾವಿದರೆಂಬ ಬಿರುದುಂಟು, ಗೋಡೆಯ ಮೇಲೆ ಹೆಸರುಂಟು. ನಮ್ಮಲ್ಲಿ ಅದೇ ಕೆಲಸಕ್ಕೆ ದಿನಗೂಲಿ ಮಾತ್ರ. ಫಲಪುಷ್ಪ ಪ್ರದರ್ಶನದ ಅಂಗವಾಗಿ ಇಕೆಬಾನಾ, ಒಣಹೂವಿನ ಜೋಡಣೆ, ಭಾರತೀಯ ಪದ್ಧತಿಯ ಜೋಡಣೆ ಮೊದಲಾದ ಸ್ಪರ್ಧೆಗಳು ನಡೆಯುವುದು ಶ್ಲಾಘನೀಯವೇ ಸರಿ. ಆದರೆ ಅವು ಬದಿಯ ಸಭಾಂಗಣದ ಮೇಜುಗಳಿಗೆ ಸೀಮಿತವಾಗಿರುತ್ತವೆ. ನಡುಮನೆಯ ಗೌರವವು ಚೌಕಟ್ಟಿಗೆ ಚುಚ್ಚಿದ ಗುಲಾಬಿಗೇ ಮೀಸಲು.

ಇನ್ನು ಆ ಚುಚ್ಚುವ ಕಸುಬಿನ ಒಳಗುಟ್ಟನ್ನೂ ಹೇಳಬೇಕು. ಕೊಯ್ದ ಹೂವು ಕೆಲವು ದಿನ ಬಾಳಬೇಕಾದರೆ ಅದರ ಕಾಂಡಕ್ಕೆ ನೀರು ಬೇಕು. ಅದಕ್ಕಾಗಿ ಅಲಂಕಾರದ ಕಸುಬಿನವರು ಫೋಮ್ ಅಥವಾ ಓಯಸಿಸ್ ಎಂದು ಕರೆಯುವ ಹಸಿರು ಬೆಂಡನ್ನು ಬಳಸುವ ರೂಢಿ ಲೋಕದೆಲ್ಲೆಡೆ ಹಬ್ಬಿದೆ. ನಮ್ಮ ಊರುಗಳ ಮದುವೆ ಮಂಟಪಗಳಿಗೂ ಬಂದಿದೆ. ೧೯೫೪ ರಲ್ಲಿ ಅಮೆರಿಕೆಯ ಒಹಾಯೊದಲ್ಲಿ ವರ್ನನ್ ಸ್ಮಿದರ್ಸ್ ಎಂಬಾತನು ಕಂಡುಹಿಡಿದ ಈ ಬೆಂಡು ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದಾದ ಪ್ಲಾಸ್ಟಿಕ್ಕು. ಒಮ್ಮೆ ಚುಚ್ಚಿದ ಮೇಲೆ ಅದು ಪುಡಿಪುಡಿಯಾಗುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ. ಆಸ್ಟ್ರೇಲಿಯದ ಮೆಲ್ಬೋರ್ನಿನ ವಿಜ್ಞಾನಿಗಳು ೨೦೧೯ ರಲ್ಲಿ ಹೊರಗೆಡಹಿದ ಪರಿಶೋಧನೆಯಿಂದ, ಈ ಪುಡಿಯನ್ನು ಜಲಚರಗಳು ತಿನ್ನುತ್ತವೆಂದೂ ಅದರಿಂದ ಒಸರುವ ರಾಸಾಯನಿಕಗಳು ಅವಕ್ಕೆ ಅಪಾಯಕರವೆಂದೂ ತಿಳಿದುಬಂದಿದೆ. ಇಂಗ್ಲೆಂಡಿನ ರಾಯಲ್ ತೋಟಗಾರಿಕೆ ಸಂಘದವರು ೨೦೨೧ ರಿಂದ ತಮ್ಮ ಪ್ರದರ್ಶನಗಳಲ್ಲಿ ಈ ಬೆಂಡನ್ನು ನಿಷೇಧಿಸಿದರು. ಕರ್ನಾಟಕ ಸರ್ಕಾರದವರು ೨೦೧೬ ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಚೀಲಗಳೊಡನೆ ಪ್ಲಾಸ್ಟಿಕ್ ತೋರಣವನ್ನೂ ಥರ್ಮೊಕೋಲಿನ ಸಾಮಾನುಗಳನ್ನೂ ನಿಷೇಧಿಸಿದವರು. ತೋರಣಕ್ಕೆ ಸಲ್ಲದುದು ಹೂವಿನ ಅಡಿಯಲ್ಲಿ ಅಡಗಿದ ಮಾತ್ರಕ್ಕೆ ಸಲ್ಲುತ್ತದೆಯೆ? ಬಾಳೆಯ ದಿಂಡು, ಒದ್ದೆ ಹುಲ್ಲಿನ ಸಿಂಬೆ, ಕೆಸರುಮಣ್ಣು, ನಾರು ಇವು ನಮ್ಮವರು ಹಿಂದಿನಿಂದ ಬಳಸಿದ ಆಧಾರಗಳು. ಸೌಧದ ಗೋಪುರವನ್ನು ಹೊರಲು ಅವಕ್ಕೆ ಆಗದಿರಬಹುದು. ಆದರೆ ಹೂವನ್ನು ಹೊರಲು ಅವೇ ಸಾಕು.

ನಮ್ಮ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು, ಜನರಿಗೆ ದೊಡ್ಡ ಆಕೃತಿಗಳೇ ಬೇಕು, ಅವಿಲ್ಲದಿದ್ದರೆ ಯಾರೂ ಬಾರರು ಎಂಬುದು. ಜನರ ರುಚಿಯನ್ನು ಇಷ್ಟು ಕೀಳಾಗಿ ಎಣಿಸಲು ಆಧಾರವೇನು? ಕರಗವನ್ನು ನೋಡಲು ಇರುಳೆಲ್ಲ ನಿದ್ದೆಗೆಟ್ಟು ಬೀದಿಯಲ್ಲಿ ನಿಲ್ಲುವವರು ಇದೇ ಜನರು. ಓಲ್ಡ್ ಬಾಂಡ್ ಸ್ಟ್ರೀಟಿನಲ್ಲಿ ಬೇಲಿಯ ಬಳ್ಳಿಗೆ ಗುಂಪು ಸೇರಿದುದನ್ನೂ ಮೇಲೆ ಹೇಳಿದ್ದೇವೆ. ತೋರಿಸುವವನಿಗೆ ಧೈರ್ಯವಿದ್ದರೆ ನೋಡುವವನಿಗೆ ಕಣ್ಣು ಬರುತ್ತದೆ.

ಎರಡನೆಯದು, ಮಹಾಪುರುಷರ ಸ್ಮರಣೆ ಇದರಿಂದ ನಡೆಯುತ್ತಿದೆ, ಮಕ್ಕಳಿಗೆ ಚರಿತ್ರೆಯ ಪರಿಚಯವಾಗುತ್ತಿದೆ ಎಂಬುದು. ಸ್ಮರಣೆಯು ಬೇಕೇ ಬೇಕು. ಆದರೆ ಸ್ಮರಣೆಯ ರೀತಿಯು ಸ್ಮರಿಸಲ್ಪಡುವವರ ಮನೋಧರ್ಮಕ್ಕೆ ಒಪ್ಪಬೇಡವೆ? ಅಗತ್ಯಕ್ಕಿಂತ ಒಂದು ಎಳೆ ನೂಲನ್ನೂ ಹೆಚ್ಚಾಗಿ ಬಯಸದ ಗಾಂಧೀಜಿಯವರ ಕುಟೀರವನ್ನು ರಾಶಿ ರಾಶಿ ಗುಲಾಬಿಯಿಂದ ಕಟ್ಟುವುದಕ್ಕಿಂತ, ಬಿರಿದ ಹತ್ತಿಯ ಕಾಯಿಗಳ ಒಂದು ಹೊಲವನ್ನು ಗಾಜಿನ ಮನೆಯಲ್ಲಿ ನಿಲ್ಲಿಸಿ ಪಕ್ಕದಲ್ಲಿ ಒಂದು ಚರಕವನ್ನಿಟ್ಟಿದ್ದರೆ ಮಕ್ಕಳ ಮನಸ್ಸಿನಲ್ಲಿ ಯಾವುದು ಹೆಚ್ಚು ಕಾಲ ನಿಲ್ಲುತ್ತಿತ್ತು? ಸ್ಥಾವರಕ್ಕಿಂತ ಜಂಗಮವನ್ನೇ ಮೇಲೆಂದು ಬಗೆದ ಶರಣರಿಗೆ ಹೂವಿನ ಸ್ಥಾವರವೊಂದನ್ನು ಅರ್ಪಿಸುವುದರಲ್ಲಿ ಭಕ್ತಿಯಿರಬಹುದು, ಔಚಿತ್ಯವಿಲ್ಲ. ಕಾಯಕವನ್ನು ಎತ್ತಿಹಿಡಿದವರ ನೆನಪಿಗೆ ಹೂಕಟ್ಟುವ ಕಾಯಕದವರನ್ನೇ ಕರೆದು ಕೂರಿಸಿದ್ದರೆ ಅದು ಸಾರ್ಥಕವಾಗುತ್ತಿತ್ತು.

ಮೂರನೆಯದು, ಹೂ ಬೆಳೆಗಾರರ ಹೊಟ್ಟೆಯ ಮಾತು. ಇದು ಎಲ್ಲಕ್ಕಿಂತ ಗಂಭೀರವಾದುದು. ಬೃಹದಾಕೃತಿಗಳಿಗೆ ಕೊಳ್ಳುವ ಹೂವಿನಿಂದ ಬೆಳೆಗಾರನಿಗೆ ನಾಲ್ಕು ಕಾಸು ದೊರೆಯುವುದಾದರೆ ಅದನ್ನು ಕಿತ್ತುಕೊಳ್ಳಿರೆಂದು ನಾವು ಹೇಳುವುದಿಲ್ಲ. ಹಣ ಹಂಚಿಕೆಯಾಗಲೆಂಬುದಷ್ಟೇ ನಮ್ಮ ಸೂಚನೆ. ಎರಡು ಮೂರು ಜಾತಿಯ ಹೂವಿಗೆ ಹೋಗುವ ಹಣದ ಒಂದು ಪಾಲು ಹಡಗಲಿಯ ಮಲ್ಲಿಗೆಗೆ, ಮಲೆನಾಡಿನ ಹಿಂಗಾರಕ್ಕೆ, ಬಯಲುಸೀಮೆಯ ಚೆಂಡುಹೂವಿಗೆ, ಕೆರೆಯ ತಾವರೆಗೆ ಹೋಗಲಿ. ಗಾಜಿನ ಮನೆಯಲ್ಲಿ ಒಮ್ಮೆ ಮಾನ ಪಡೆದ ವಸ್ತುವಿಗೆ ಊರೂರ ಮದುವೆ ಮನೆಗಳಲ್ಲಿಯೂ ಬೇಡಿಕೆ ಹುಟ್ಟುತ್ತದೆ.

ಈ ಕೊನೆಯ ಮಾತಿನಲ್ಲಿಯೇ ವಿಷಯದ ಗೌರವವಿರುವುದು. ಲಾಲ್‌ಬಾಗಿನಲ್ಲಿ ಕಂಡುದನ್ನು ಜನರು ತಮ್ಮ ಮನೆಗೆ, ಅಂಗಡಿಗೆ, ಕಚೇರಿಗೆ, ಕಲ್ಯಾಣಮಂಟಪಕ್ಕೆ ಕೊಂಡೊಯ್ಯುತ್ತಾರೆ. ದೊಡ್ಡದೇ ಚೆಲುವೆಂದು ಅಲ್ಲಿ ಕಲಿತವರು, ದೊಡ್ಡದಕ್ಕೆ ಹಣ ಸಾಲದಾದಾಗ ಪ್ಲಾಸ್ಟಿಕ್ ಹೂವಿನ ಮೊರೆಹೋಗುತ್ತಾರೆ. ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿಯ ಗುಚ್ಛವು ಎಷ್ಟು ಕಚೇರಿಗಳ ಮೇಜಿನ ಮೇಲೆ, ಎಷ್ಟು ಅಂಗಡಿಗಳ ಗಾಜಿನ ಹಿಂದೆ ವರ್ಷಾನುಗಟ್ಟಲೆ ನಿಂತಿದೆಯೆಂಬುದನ್ನು ವಾಚಕರೇ ಬಲ್ಲರು. ಇದಕ್ಕೆ ಬದಲಾಗಿ ಜೀವಂತ ಸಸ್ಯವನ್ನೇ ಒಳಾಂಗಣದ ಅಂಗವಾಗಿ ಮಾಡುವುದು ನಮ್ಮಲ್ಲಿಯೂ ಸಾಧ್ಯವೆಂಬುದಕ್ಕೆ, ೨೦೨೨ ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು ವಿಮಾನನಿಲ್ದಾಣದ ಎರಡನೆಯ ಟರ್ಮಿನಲ್ಲು ನಿದರ್ಶನವಾಗಿದೆ. ಅಲ್ಲಿ ಬಿದಿರಿನ ಚಾವಣಿಯಿಂದ ಗಿಡಗಳು ತೂಗುತ್ತವೆ. ಉತ್ತರಕನ್ನಡದ ಫಲಾವಳಿಯ ದೂರದ ನೆಂಟನೆಂದು ಅದನ್ನು ಕರೆದರೆ ತಪ್ಪಾಗಲಾರದು. ಆದರೆ ವಿಮಾನ ಹತ್ತುವವರಿಗೆ ದೊರೆತ ಈ ಭಾಗ್ಯವು ಬಸ್ ನಿಲ್ದಾಣದಲ್ಲಿ ನಿಲ್ಲುವವರಿಗೂ, ಜಿಲ್ಲಾ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವವರಿಗೂ ದೊರೆಯಬೇಡವೆ? ಒಂದು ಮಡಕೆ, ನಾಲ್ಕು ಜರೀಗಿಡದ ಎಲೆ, ಒಂದು ಹಿಂಗಾರ, ಇವಕ್ಕೆ ಬೊಕ್ಕಸವೇನೂ ಬರಿದಾಗುವುದಿಲ್ಲ.

ಆದುದರಿಂದ ಅಧಿಕಾರವರ್ಗದವರಲ್ಲಿಯೂ ಉದ್ಯಾನ ಕಲಾ ಸಂಘದವರಲ್ಲಿಯೂ ನಮ್ಮ ಬಿನ್ನಹಗಳಿವು. ಒಂದು, ಮುಂದಿನ ಪ್ರದರ್ಶನದಿಂದ ಗಾಜಿನ ಮನೆಯ ಒಂದು ಪಾರ್ಶ್ವವನ್ನಾದರೂ ಯಾವ ಕಟ್ಟಡದ ಅನುಕರಣೆಯೂ ಇಲ್ಲದ ಸ್ವತಂತ್ರ ಪುಷ್ಪರಚನೆಗಳಿಗೆ ಮೀಸಲಿಡತಕ್ಕದ್ದು. ಎರಡು, ಅಲ್ಲಿಗೆ ಫಲಾವಳಿ ಕಟ್ಟುವವರು, ನಾಗಮಂಡಲದ ಮಂಟಪ ಸಿಂಗರಿಸುವವರು, ಮಲ್ಲಿಗೆ ನೇಯುವವರು, ಪಲ್ಲಕ್ಕಿ ಕಟ್ಟುವವರು ಇವರನ್ನು ಸರದಿಯ ಮೇಲೆ ಕರೆಯಿಸಿ, ತಕ್ಕ ಸಂಭಾವನೆಯಿತ್ತು, ಅವರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಿಸತಕ್ಕದ್ದು. ಚಿತ್ರಕಲಾ ಶಾಲೆಗಳ ವಿದ್ಯಾರ್ಥಿಗಳನ್ನು ಅವರ ಕೈಕೆಳಗೆ ಕಲಿಯಲು ಬಿಡತಕ್ಕದ್ದು. ಮೂರು, ಪ್ರದರ್ಶನದ ಆವರಣದಲ್ಲಿ ಹಸಿರು ಬೆಂಡಿಗೂ ಪ್ಲಾಸ್ಟಿಕ್ಕಿಗೂ ಪ್ರವೇಶವಿಲ್ಲವೆಂದು ಮೊದಲೇ ಸಾರಿ, ಅದನ್ನು ನಡೆಸಿ ತೋರಿಸತಕ್ಕದ್ದು. ನಾಲ್ಕು, ಎಷ್ಟು ಹೂವು ಬಂತೆಂಬುದನ್ನು ಪತ್ರಿಕೆಗಳಿಗೆ ತಿಳಿಸುವ ಉತ್ಸಾಹವನ್ನೇ, ಪ್ರದರ್ಶನವು ಮುಗಿದ ಮೇಲೆ ಆ ಹೂವು ಎಲ್ಲಿಗೆ ಹೋಯಿತು, ಗೊಬ್ಬರವಾಯಿತೇ ಕಸವಾಯಿತೇ ಎಂಬುದನ್ನು ತಿಳಿಸುವುದರಲ್ಲಿಯೂ ತೋರತಕ್ಕದ್ದು.

ಪೌರರೂ ತಮ್ಮ ಪಾಲಿನ ಹೊಣೆಯನ್ನು ಮರೆಯಬಾರದು. ಚಿಕ್ಕಪೇಟೆಯ ವರ್ತಕರು ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ವಾರಕ್ಕೊಮ್ಮೆ ಋತುವಿನ ಹೂವನ್ನೋ ತೆನೆಯನ್ನೋ ಒಣಕೊಂಬೆಯನ್ನೋ ಇಡುವ ಪದ್ಧತಿಯನ್ನು ಆರಂಭಿಸಬಹುದು. ಮದುವೆಯ ಮನೆಯವರು ಮಂಟಪದ ಗುತ್ತಿಗೆಯವರಿಗೆ, "ನಮ್ಮೂರಿನಲ್ಲಿ ಈ ತಿಂಗಳು ಅರಳುವುದೇನಿದೆಯೋ ಅದನ್ನು ತನ್ನಿ" ಎಂದು ಹೇಳಬಹುದು. ಕಚೇರಿಯ ಅಧಿಕಾರಿಗಳು ಮೇಜಿನ ಮೇಲಿನ ಪ್ಲಾಸ್ಟಿಕ್ ಗುಚ್ಛವನ್ನು ನಾಳೆಯೇ ತೆಗೆಸಬಹುದು. ಇವಕ್ಕೆ ಆಜ್ಞೆಯೂ ಬೇಡ, ಅನುದಾನವೂ ಬೇಡ.

ಹೂವು ಬಾಡುತ್ತದೆ, ಅದೇ ಅದರ ಬೆಲೆ. ಬಾಡದಂತೆ ತೋರುವ, ಬಾಡಿದುದನ್ನು ಮರೆಯಲ್ಲಿ ಬದಲಾಯಿಸುವ, ಕಲ್ಲಿನ ವೇಷ ಹಾಕಿಸಿ ನಿಲ್ಲಿಸುವ ಹವಣಿಕೆಗಳೆಲ್ಲವೂ ಹೂವಿಗೆ ಮಾಡುವ ಅನ್ಯಾಯ. ಗಾಜಿನ ಮನೆಯ ನಡುವೆ ಒಂದೇ ಒಂದು ಹಿಂಗಾರದ ಗೊನೆಯನ್ನು, ಅದರ ಹಾಳೆ ಆಗತಾನೆ ಬಿರಿಯುತ್ತಿರುವಂತೆ, ಸುತ್ತಲೂ ಬೆಳಕು ಬಿಟ್ಟು ನಿಲ್ಲಿಸುವ ಎದೆಗಾರಿಕೆ ನಮ್ಮ ತೋಟಗಾರರಿಗೆ ಬರಲಿ. ಆಗ ನೋಡುವವನು ಎಷ್ಟು ಲಕ್ಷವೆಂದು ಕೇಳುವುದಿಲ್ಲ. ಇದರ ಹೆಸರೇನು ಎಂದು ಕೇಳುತ್ತಾನೆ. ಫಲಪುಷ್ಪ ಪ್ರದರ್ಶನವೆಂಬ ಹೆಸರಿಗೆ ತಕ್ಕ ಕೆಲಸವು ಆ ಪ್ರಶ್ನೆಯಿಂದ ಮೊದಲಾಗುತ್ತದೆ.